ಮರೆವಿಗೆ ಪುಡಿ ಕೊಡುವ ಮುಂಚೆ ಬಿ12 ನೋಡಿಸಿ

ಪ್ರಶ್ನೆ: ನಮ್ಮದು ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿ. ಅಮ್ಮನಿಗೆ 67 ವರ್ಷ. ಒಂದೂವರೆ ವರ್ಷದಿಂದ ಮರೆವು ಜಾಸ್ತಿ. ಹೇಳಿದ್ದನ್ನೇ ಹೇಳುತ್ತಾರೆ, ಸಾರಿಗೆ ಎರಡು ಸಲ ಉಪ್ಪು ಹಾಕುತ್ತಾರೆ. ಕಾಲು ಜೋಮು ಹಿಡಿದ ಹಾಗಿರುತ್ತೆ ಅನ್ನುತ್ತಾರೆ, ಕತ್ತಲಲ್ಲಿ ನಡೆದರೆ ತೂರಾಡುತ್ತಾರೆ. ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ, ಮೆಟ್‌ಫಾರ್ಮಿನ್ ನಡೆಯುತ್ತಿದೆ. ಗ್ಯಾಸ್ಟ್ರಿಕ್‌ಗೆ ದಿನಾ ಬೆಳಗ್ಗೆ ಪ್ಯಾಂಟೊಪ್ರಜೋಲ್. ಅಪ್ಪ ತೀರಿಕೊಂಡ ಮೇಲೆ ಮಾಂಸ, ಮೊಟ್ಟೆ ಬಿಟ್ಟಿದ್ದಾರೆ. ಸಂಬಂಧಿಕರೊಬ್ಬರು ಮೆದುಳಿನ ಶಕ್ತಿಗೆ ಅಂತ ಬ್ರಾಹ್ಮಿಯ ‘ನ್ಯಾನೋ’ ಪುಡಿ ಮಾರುತ್ತಾರೆ, ಡಬ್ಬಿಗೆ 1,800 ರೂಪಾಯಿ. ಇಲಿಗಳ ಮೇಲೆ ಪ್ರಯೋಗವಾಗಿ ಸಾಬೀತಾಗಿದೆ ಅಂತ ಕರಪತ್ರದಲ್ಲಿದೆ. ತುಮಕೂರಿನಲ್ಲಿ ಎಂ.ಎಸ್ಸಿ. ಓದುವ ನನ್ನ ಮಗ ಆ ಲೇಖನ ಹುಡುಕಿ ನೋಡಿ, ನಿಜವಾಗಿಯೂ ಇದೆ ಅಂದ. ಪುಡಿ ಕೊಡಬಹುದೇ? ನಮ್ಮ ಕಡೆ ಮೆದುಳಿನ ಅಧ್ಯಯನಕ್ಕೆ ಅಂತ ಬೆಂಗಳೂರಿನವರು ಬರುತ್ತಾರಲ್ಲ, ಅವರೇನಾದರೂ ಒಳ್ಳೆಯ ಆಹಾರ ಕಂಡುಹಿಡಿದಿದ್ದಾರಾ?

ಉತ್ತರ: ಪುಡಿಯ ಮಾತು ಆಮೇಲೆ ಆಡೋಣ. ನೀವು ಹಾಗೇ ಹೇಳಿ ಮುಂದೆ ಹೋದ ನಾಲ್ಕು ಸಂಗತಿಗಳಲ್ಲೇ ನನ್ನ ಕಣ್ಣು ನಿಂತಿತು. ಹನ್ನೆರಡು ವರ್ಷದ ಮೆಟ್‌ಫಾರ್ಮಿನ್, ದಿನಾ ನುಂಗುವ ಗ್ಯಾಸ್ಟ್ರಿಕ್ ಮಾತ್ರೆ, ಬಿಟ್ಟುಹೋದ ಮಾಂಸ ಮೊಟ್ಟೆ, ಜೋಮು ಹಿಡಿಯುವ ಕಾಲು. ಈ ನಾಲ್ಕೂ ಒಬ್ಬರಲ್ಲೇ ಸೇರಿದಾಗ ಮೊದಲು ಕೇಳಬೇಕಾದದ್ದು, ಅಮ್ಮನ ರಕ್ತದಲ್ಲಿ ವಿಟಮಿನ್ ಬಿ12 ಎಷ್ಟಿದೆ ಎಂದು. ಇದುವರೆಗೆ ನೋಡಿಸಿದ್ದೀರೋ ಇಲ್ಲವೋ ಪತ್ರದಲ್ಲಿಲ್ಲ. ನೋಡಿಸಿಲ್ಲ ಎಂದುಕೊಂಡೇ ಬರೆಯುತ್ತೇನೆ.

ನೀವು ಬರೆಯದ ಐದನೆಯದೊಂದನ್ನು ನಾನೇ ಕೇಳುತ್ತೇನೆ. ಮನೆಯಲ್ಲಿ ಸೀಮೆಹಸು ಇದೆಯೇ? ಇದ್ದರೆ ಅದರ ಹಾಲು ಎಲ್ಲಿಗೆ ಹೋಗುತ್ತದೆ? ಕೋಲಾರ ಸೀಮೆಯ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಸಂಜೆ ಡೈರಿಗೆ ಹಾಕಿದ ಮೇಲೆ ಒಳಗೆ ಉಳಿಯುವುದು ಕಾಫಿ ಟೀಗೆ ಆಗುವಷ್ಟು. ಅದರಲ್ಲೂ ವಯಸ್ಸಾದ ಹೆಂಗಸರ ಲೋಟಕ್ಕೆ ಬೀಳುವುದು ಕೊನೆಯ ಪಾಲು. ಬಿ12ನ್ನು ಬ್ಯಾಕ್ಟೀರಿಯಾದಂಥ ಸೂಕ್ಷ್ಮಜೀವಿಗಳು ಮಾತ್ರ ತಯಾರಿಸಬಲ್ಲವು. ನಮಗೆ ಅದು ಬರುವುದು ಪ್ರಾಣಿಗಳ ಮೂಲಕ, ಅಂದರೆ ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಿಂದ. ರಾಗಿಯಲ್ಲಿ ಸುಣ್ಣದಂಶ ಧಾರಾಳ, ಅವರೆಕಾಳಲ್ಲಿ ಪ್ರೋಟೀನು ಧಾರಾಳ, ಮಸ್ಸೊಪ್ಪಿನಲ್ಲಿ ಫೋಲೇಟು ಎಂಬ ಇನ್ನೊಂದು ಬಿ ವಿಟಮಿನ್ ಧಾರಾಳ. ಆದರೆ ಮುದ್ದೆ, ಉಪ್ಸಾರು, ಹುರುಳಿಕಟ್ಟು ಎಷ್ಟೇ ಹೊಟ್ಟೆ ತುಂಬ ಉಂಡರೂ ಅವುಗಳಿಂದ ಬಿ12 ಸಿಗುವುದಿಲ್ಲ. ಸ್ಪಿರುಲಿನಾದಲ್ಲಿದೆ ಎಂದು ಯಾರಾದರೂ ಮಾರಲು ಬಂದರೆ, ಅದರಲ್ಲಿ ಹೆಚ್ಚಿನದು ನಮ್ಮ ದೇಹಕ್ಕೆ ಒಗ್ಗದ ಹುಸಿ ಬಿ12 ಎಂದು ಹೇಳಿ ಕಳಿಸಿ.

ಬೇಕಾಗುವುದು ದಿನಕ್ಕೆ ಸುಮಾರು 2ರಿಂದ 2.5 ಮೈಕ್ರೋಗ್ರಾಂ. ಒಂದು ಗ್ರಾಂ ಅನ್ನು ಹತ್ತು ಲಕ್ಷ ಪಾಲು ಮಾಡಿದರೆ ಅದರಲ್ಲಿ ಎರಡು ಚಿಲ್ಲರೆ ಪಾಲು. ಇಷ್ಟು ಕಡಿಮೆ ಸಾಕಾಗುವುದಕ್ಕೆ ಕಾರಣವಿದೆ. ಬಿ12 ನಮ್ಮಲ್ಲಿ ಇಂಧನವಾಗಿ ಉರಿದುಹೋಗುವ ಪದಾರ್ಥವಲ್ಲ, ವೇಗವರ್ಧಕದ ಭಾಗ. ನಿಮ್ಮ ಮಗನಿಗೆ ಈ ಮಾತು ಪಾಠದಲ್ಲೇ ಬಂದಿರುತ್ತದೆ: ವೇಗವರ್ಧಕ ಕ್ರಿಯೆ ನಡೆಸಿಕೊಟ್ಟು ತಾನು ಖರ್ಚಾಗದೆ ಮತ್ತೆ ಕೆಲಸಕ್ಕೆ ನಿಲ್ಲುತ್ತದೆ. ಬಿ12 ಅಣುವಿನ ನಟ್ಟನಡುವೆ ಕೋಬಾಲ್ಟ್ ಲೋಹದ ಒಂದೇ ಒಂದು ಪರಮಾಣು ಕೂತಿದೆ. ಇದರ ರಚನೆಯನ್ನು ಎಕ್ಸ್‌-ರೇ ಹಾಯಿಸಿ ಬಿಡಿಸಿದವರು ಬ್ರಿಟನ್ನಿನ ಡೊರೊಥಿ ಹಾಡ್ಜ್‌ಕಿನ್. 1964ರ ರಸಾಯನಶಾಸ್ತ್ರದ ನೊಬೆಲ್ ಅವರಿಗೆ ಬಂದದ್ದು ಇಂಥ ಕೆಲಸಕ್ಕೆ. ಮನುಷ್ಯನ ದೇಹದಲ್ಲಿ ಬಿ12 ಇಲ್ಲದೆ ನಡೆಯದ ಕಿಣ್ವಗಳು ಎರಡೇ ಎರಡು. ಅದರಲ್ಲೊಂದು ಹೋಮೋಸಿಸ್ಟೀನ್ ಎಂಬುದನ್ನು ಮೆಥಿಯೊನೀನ್ ಆಗಿ ಬದಲಿಸುತ್ತದೆ. ನರತಂತುವಿನ ಸುತ್ತ ಇರುವ ಮಯಲಿನ್ ಹೊದಿಕೆ ಸರಿಯಾಗಿರಬೇಕಾದರೆ ಆ ಕೆಲಸ ನಿಲ್ಲಬಾರದು. ಅದು ನಿಂತಾಗ ಹೊದಿಕೆ ಕೆಡುತ್ತದೆ, ಪಾದದಲ್ಲಿ ಜೋಮು ಶುರುವಾಗುತ್ತದೆ, ಬೆನ್ನುಹುರಿಯ ಹಿಂಭಾಗದ ತಂತುಗಳು ಸೊರಗುತ್ತವೆ. ಕಾಲು ಎಲ್ಲಿದೆ ಎಂಬ ಸುದ್ದಿ ಮೆದುಳಿಗೆ ಸರಿಯಾಗಿ ಮುಟ್ಟದೆ ಹೋಗುತ್ತದೆ. ಬೆಳಕಿದ್ದರೆ ಕಣ್ಣು ಆ ಕೊರತೆಯನ್ನು ತುಂಬಿಕೊಡುತ್ತದೆ. ಕತ್ತಲಲ್ಲಿ ತೂರಾಡುತ್ತಾರೆ ಅಂದಿರಲ್ಲ, ಅದನ್ನು ಓದಿದಾಗಲೇ ನನಗೆ ಅನುಮಾನ ಬಂದದ್ದು. ಸಕ್ಕರೆ ಕಾಯಿಲೆಯೊಂದರಿಂದಲೂ ಕಾಲಿನ ನರ ಹೀಗಾಗಬಹುದು. ಜೋಮಿನ ಲಕ್ಷಣ ಒಂದನ್ನೇ ನೋಡಿ ಎರಡನ್ನೂ ಬೇರೆ ಮಾಡುವುದು ಕಷ್ಟ, ಹಾಗಾಗಿಯೇ ರಕ್ತಪರೀಕ್ಷೆ.

ಆಹಾರದಲ್ಲಿ ಬಿ12 ಇದ್ದರೂ ಅದು ರಕ್ತಕ್ಕೆ ಸೇರುವ ದಾರಿ ಉದ್ದ. ಹಾಲು ಮೊಟ್ಟೆಗಳಲ್ಲಿ ಅದು ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬಿಡಿಸಲು ಜಠರದ ಆಮ್ಲ ಬೇಕು. ಪ್ಯಾಂಟೊಪ್ರಜೋಲ್ ಮಾಡುವ ಕೆಲಸವೇ ಆ ಆಮ್ಲವನ್ನು ತಗ್ಗಿಸುವುದು. ಬಿಡಿಸಿಕೊಂಡ ಬಿ12 ಜಠರದ ಗೋಡೆಯಲ್ಲಿ ಒಸರುವ ಇನ್ನೊಂದು ಪ್ರೋಟೀನಿನ ಕೈ ಹಿಡಿದು ಸಣ್ಣ ಕರುಳಿನ ಕೊನೆಯವರೆಗೆ ಹೋಗಬೇಕು. ಅಲ್ಲಿ ಹೀರಿಕೆಯಾಗುವ ಹಂತದಲ್ಲಿ ಮೆಟ್‌ಫಾರ್ಮಿನ್ ಅಡ್ಡಗಾಲು ಹಾಕುತ್ತದೆ. ಇದೇನೂ ಮೊನ್ನೆಮೊನ್ನೆ ಹುಟ್ಟಿದ ಅನುಮಾನವಲ್ಲ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲಿ ಕೊರತೆಯ ಲಕ್ಷಣ ಕಂಡರೆ ಬಿ12 ನೋಡಿಸಬೇಕು, ಅಪಾಯ ಹೆಚ್ಚಿರುವವರಲ್ಲಿ ಆಗಾಗ ನೋಡುತ್ತಿರಬೇಕು ಎಂದು ಬ್ರಿಟನ್ನಿನ ಔಷಧ ನಿಯಂತ್ರಕರು 2022ರಲ್ಲಿ ವೈದ್ಯರಿಗೆ ಸೂಚನೆಯನ್ನೇ ಕೊಟ್ಟರು. ಇಷ್ಟಾದರೂ ಕೊರತೆ ತಕ್ಷಣ ಕಾಣಿಸಿಕೊಳ್ಳುವುದಿಲ್ಲ, ಯಾಕೆಂದರೆ ಯಕೃತ್ತಿನಲ್ಲಿ ವರ್ಷಗಟ್ಟಲೆ ಸಾಗುವಷ್ಟು ದಾಸ್ತಾನು ಇರುತ್ತದೆ. ಆ ದಾಸ್ತಾನು ಕರಗಿ ಮುಗಿಯುವ ಹೊತ್ತಿಗೆ ವಯಸ್ಸೂ ಆಗಿರುತ್ತದೆ, ಎಲ್ಲರೂ ‘ವಯಸ್ಸಾಯಿತಲ್ಲ’ ಅಂದುಬಿಡುತ್ತಾರೆ. ಇಷ್ಟು ಓದಿದಿರೆಂದು ನೀವೇ ಮೆಟ್‌ಫಾರ್ಮಿನ್ ನಿಲ್ಲಿಸಬೇಡಿ. ಅದು ಒಳ್ಳೆಯ ಔಷಧಿ. ಅದರ ಜೊತೆ ಬಿ12 ಕೊಟ್ಟರೆ ಮುಗಿಯುವ ವಿಷಯವಿದು. ಆದರೆ ಗ್ಯಾಸ್ಟ್ರಿಕ್ ಮಾತ್ರೆ ಇನ್ನೂ ಬೇಕೇ ಅಂತ ವೈದ್ಯರನ್ನು ಕೇಳಿ. ಎಂದೋ ಹದಿನೈದು ದಿನಕ್ಕೆ ಬರೆದುಕೊಟ್ಟದ್ದು ಹಾಗೇ ವರ್ಷಾನುಗಟ್ಟಲೆ ನಡೆದುಕೊಂಡು ಬಂದಿರುವುದು ತುಂಬಾ ಕಡೆ ಕಾಣುತ್ತದೆ.

‘ರಕ್ತ ನೋಡಿಸಿದ್ವಿ ಸಾರ್, ಹಿಮೋಗ್ಲೋಬಿನ್ ಚೆನ್ನಾಗಿದೆ, ಬಿ12 ಯಾಕೆ ಕಮ್ಮಿಯಾಗುತ್ತೆ?’ ಎಂದು ಕೇಳುವವರು ಬಹಳ. ಬಿ12 ಕೊರತೆಯಲ್ಲಿ ಸಾಮಾನ್ಯವಾಗಿ ರಕ್ತಹೀನತೆ ಬರುವುದು, ಕೆಂಪುಕಣಗಳು ಊದಿಕೊಳ್ಳುವುದು ನಿಜ, ಆದರೆ ಯಾವಾಗಲೂ ಅಲ್ಲ. 1988ರಲ್ಲಿ ಅಮೆರಿಕದ ಲಿಂಡನ್‌ಬಾಮ್ ಮತ್ತು ಸಂಗಡಿಗರು ಬಿ12 ಕೊರತೆಯಿಂದ ನರ ಮತ್ತು ಮನಸ್ಸಿನ ತೊಂದರೆ ಬಂದಿದ್ದ 141 ರೋಗಿಗಳ ವಿವರ ಪ್ರಕಟಿಸಿದರು. ಅವರಲ್ಲಿ 40 ಮಂದಿಗೆ ರಕ್ತಹೀನತೆಯೂ ಇರಲಿಲ್ಲ, ಕೆಂಪುಕಣಗಳು ಊದಿಕೊಂಡೂ ಇರಲಿಲ್ಲ. ಅಂದರೆ ನೂರಕ್ಕೆ 28 ಮಂದಿಯಲ್ಲಿ ರಕ್ತ ಸರಿಯಿದ್ದೂ ನರ ಕೆಟ್ಟಿತ್ತು. ಹೀಗಾಗಿ ಬರೀ ಹಿಮೋಗ್ಲೋಬಿನ್ ಸಾಲದು, ಬಿ12ನ್ನೇ ಅಳೆಯಬೇಕು. ಸಾಮಾನ್ಯವಾಗಿ ಮಿಲಿಲೀಟರಿಗೆ 200 ಪಿಕೋಗ್ರಾಂಗಿಂತ ಕಡಿಮೆಯಿದ್ದರೆ ಕೊರತೆ ಅನ್ನುತ್ತಾರೆ. 200ರಿಂದ 300ರ ನಡುವೆ ಬಂದರೆ ಅನುಮಾನ. ಬಿ12 ಕೆಲಸ ನಿಂತಾಗ ಹೋಮೋಸಿಸ್ಟೀನ್, ಮೀಥೈಲ್‌ಮೆಲೋನಿಕ್ ಆಮ್ಲ ಎಂಬ ಎರಡು ಪದಾರ್ಥಗಳು ರಕ್ತದಲ್ಲಿ ಏರುತ್ತವೆ. ಆಗ ಅವುಗಳಲ್ಲೊಂದನ್ನು ನೋಡಿದರೆ, ಬಿ12 ಮಾಡಬೇಕಾದ ಕೆಲಸ ನಿಜವಾಗಿಯೂ ನಿಂತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಇದಕ್ಕೆ ಸೇರಿದ ಹಳೆಯ ಕಥೆಯೊಂದು ನಮ್ಮ ದೇಶದ್ದೇ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಗೆ ಬಂದರು. ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿ ಹೆಂಗಸರ ತೀವ್ರ ರಕ್ತಹೀನತೆಗೆ ಕಾರಣ ಹುಡುಕುವುದು ಅವರ ಕೆಲಸ. ಅದಕ್ಕೆ ಎರಡು ವರ್ಷ ಮುಂಚೆ ಬಾಸ್ಟನ್ನಿನ ಮೈನಟ್ ಮತ್ತು ಮರ್ಫಿ, ಪರ್ನಿಷಿಯಸ್ ಅನೀಮಿಯ ಎಂಬ, ರಕ್ತ ಕುಂದಿಸಿ ಕೊಲ್ಲುವ ಕಾಯಿಲೆಯಿದ್ದ 45 ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಉಳಿಸಿದ್ದರು. ಆ ಲಿವರಿನಲ್ಲಿದ್ದ ಅಂಶವೇ ಬಿ12 ಎಂದು ತಿಳಿದದ್ದು 1948ರಲ್ಲಿ. ವಿಲ್ಸ್ ಇಲಿ, ಕೋತಿಗಳ ಮೇಲೆ ಪ್ರಯೋಗ ಮಾಡಿ ನೋಡಿ, ಕೊನೆಗೆ ಅಗ್ಗದ ಯೀಸ್ಟ್ ಸಾರ ಕೊಟ್ಟಾಗ ಆ ಹೆಂಗಸರು ಚೇತರಿಸಿಕೊಂಡರು. 1931ರಲ್ಲಿ ಅದನ್ನು ಪ್ರಕಟಿಸಿದರು. ಅದರಲ್ಲಿದ್ದದ್ದು ಫೋಲೇಟು, ಬಿ12 ಅಲ್ಲ. ಫೋಲೇಟಿನದೇ ರೂಪವಾದ ಫೋಲಿಕ್ ಆಮ್ಲ ಮಾತ್ರೆಯಾಗಿ ಸಿಗತೊಡಗಿದ ಮೇಲೆ ಬಿ12 ಕೊರತೆಯವರಿಗೂ ಅದನ್ನೇ ಕೊಟ್ಟು ನೋಡಿದರು. ರಕ್ತ ಸುಧಾರಿಸಿತು, ನರಗಳು ಕೆಡುತ್ತಲೇ ಹೋದವು. ಮೆಡಿಕಲ್ ಸ್ಟೋರಿನಲ್ಲಿ ‘ರಕ್ತಕ್ಕೆ’ ಎಂದು ಕೊಡುವ ಕಬ್ಬಿಣ ಮತ್ತು ಫೋಲಿಕ್ ಮಾತ್ರೆಯನ್ನು ಅಮ್ಮನಿಗೆ ನೀವಾಗಿಯೇ ಶುರುಮಾಡಬೇಡಿ ಎನ್ನುವುದು ಇದಕ್ಕೇ.

ಈಗ ನಿಮ್ಮ ಮಗ ಓದಿದ ಲೇಖನಕ್ಕೆ ಬರೋಣ. ಲೇಖನ ನಿಜವಾಗಿಯೇ ಇದೆ ಎಂಬುದನ್ನು ಒಪ್ಪುತ್ತೇನೆ, ಇಂಥವು ನೂರಾರಿವೆ. ಆದರೆ ಆ ಪ್ರಯೋಗ ಹೇಗೆ ನಡೆಯುತ್ತದೆ ನೋಡಿ. ಮಾಮೂಲಿ ವಿಧಾನದಲ್ಲಿ ಇಲಿಗೆ ಸ್ಕೊಪೊಲಮಿನ್ ಎಂಬ ರಾಸಾಯನಿಕ ಚುಚ್ಚುತ್ತಾರೆ. ಉಮ್ಮತ್ತಿಯ ಗಿಡದಲ್ಲಿರುವ ವಿಷಗಳಲ್ಲಿ ಇದೂ ಒಂದು. ಮೆದುಳಿನಲ್ಲಿ ಅಸಿಟೈಲ್‌ಕೋಲಿನ್ ಎಂಬ ಸಂದೇಶವಾಹಕ ಕೆಲಸ ಮಾಡದಂತೆ ಅದು ತಡೆಯುತ್ತದೆ, ಇಲಿ ಕೆಲವು ಗಂಟೆ ಮಂಕಾಗುತ್ತದೆ. ಆಮೇಲೆ ಅದನ್ನು ದುಂಡನೆಯ ನೀರಿನ ತೊಟ್ಟಿಗೆ ಬಿಡುತ್ತಾರೆ. ನೀರಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ, ಕಾಣದ ಹಾಗೆ ಒಂದು ಕಟ್ಟೆ ಇರುತ್ತದೆ. ಇಲಿ ಈಜಿ ಆ ಕಟ್ಟೆಯನ್ನು ಎಷ್ಟು ಬೇಗ ನೆನಪಿಟ್ಟು ಹುಡುಕುತ್ತದೆ ಎಂಬುದೇ ಅಳತೆ. ರಿಚರ್ಡ್ ಮಾರಿಸ್ 1981ರಲ್ಲಿ ರೂಪಿಸಿದ ಈ ಪರೀಕ್ಷೆ ಬಹಳ ಜಾಣತನದ್ದು, ನೆನಪಿನ ವಿಜ್ಞಾನಕ್ಕೆ ಅದರಿಂದ ತುಂಬಾ ಲಾಭವಾಗಿದೆ. ಸೊಪ್ಪಿನ ಸಾರ ಕುಡಿದ ಇಲಿ ಬೇಗ ಕಟ್ಟೆ ಹತ್ತಿದರೆ ಏನು ತಿಳಿದಂತಾಯಿತು? ಒಂದು ವಿಷದ ಪರಿಣಾಮವನ್ನು ಆ ಸಾರ ಕೆಲವು ಗಂಟೆಗಳ ಮಟ್ಟಿಗೆ ತಗ್ಗಿಸಿರಬಹುದು ಎಂದಷ್ಟೇ. ನಿಮ್ಮ ಅಮ್ಮನಿಗೆ ಯಾರೂ ಉಮ್ಮತ್ತಿ ಕೊಟ್ಟಿಲ್ಲ. ಅವರ ಮರೆವಿನ ಕಾರಣ ಬೇರೆ, ಅದು ಬೆಳೆದ ಕಾಲ ಬೇರೆ.

ಪ್ರಮಾಣದ ಲೆಕ್ಕವನ್ನು ಮಗನಿಂದಲೇ ಹಾಕಿಸಿ. ಇಂಥ ಲೇಖನಗಳಲ್ಲಿ ಇಲಿಯ ತೂಕದ ಪ್ರತಿ ಕಿಲೋಗೆ 200 ಮಿಲಿಗ್ರಾಂ ಸಾರ ಕೊಡುವುದು ಸಾಮಾನ್ಯ. ಇಲಿಯಿಂದ ಮನುಷ್ಯನಿಗೆ ತರುವಾಗ ಅದನ್ನು ಸುಮಾರು 6.2ರಿಂದ ಭಾಗಿಸುವ ರೂಢಿಯಿದೆ, ಅಂದರೆ ಕಿಲೋಗೆ 32 ಮಿಲಿಗ್ರಾಂ. ಅರವತ್ತು ಕಿಲೋ ತೂಕದವರಿಗೆ ದಿನಕ್ಕೆ ಎರಡು ಗ್ರಾಂ ಹತ್ತಿರ ಬಂತು. ಅದು ಸೊಪ್ಪಿನ ತೂಕವಲ್ಲ, ಸೊಪ್ಪಿನಿಂದ ತೆಗೆದ ಸಾರದ ತೂಕ. ಹತ್ತು ಗ್ರಾಂ ಒಣಸೊಪ್ಪಿಗೆ ಒಂದು ಗ್ರಾಂ ಸಾರ ಬಂತೆಂದುಕೊಂಡರೂ ದಿನಾ ಇಪ್ಪತ್ತು ಗ್ರಾಂ ಒಣಸೊಪ್ಪು ಬೇಕು. ಡಬ್ಬಿಯ ಜೊತೆ ಬರುವ ಚಮಚದಲ್ಲಿ ಎಷ್ಟು ಹಿಡಿಯುತ್ತದೆ ನೋಡಿ.

ಬ್ರಾಹ್ಮಿಯನ್ನು ಮನುಷ್ಯರ ಮೇಲೂ ಪರೀಕ್ಷಿಸಿಲ್ಲವೆಂದಲ್ಲ. ನೀರುಬ್ರಾಹ್ಮಿಯ ಸಾರವನ್ನು ದಿನಕ್ಕೆ 300 ಮಿಲಿಗ್ರಾಂನಂತೆ ಹನ್ನೆರಡು ವಾರ ಕೊಟ್ಟ ಪ್ರಯೋಗಗಳಿವೆ. ಚಿಕ್ಕ ಪ್ರಯೋಗಗಳು, ಹೆಚ್ಚಾಗಿ ಆರೋಗ್ಯವಂತರ ಮೇಲೆ. ಗಮನದ ವೇಗ, ಕಲಿತದ್ದನ್ನು ನೆನಪಿಡುವುದು, ಇಂಥ ಕೆಲವು ಅಳತೆಗಳಲ್ಲಿ ಸ್ವಲ್ಪ ಗುಣ ಕಂಡಿದೆ. ಡಿಮೆನ್ಷಿಯಾ ಎಂಬ ಮರೆವಿನ ಕಾಯಿಲೆ ನಿಂತಿತು ಎಂದು ಯಾರೂ ತೋರಿಸಿಲ್ಲ. ನಮ್ಮಲ್ಲಿ ಚಟ್ನಿ, ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಅನ್ನುತ್ತಾರೆ. ಅದು ಬೇರೆ ಗಿಡ, ಅದರೊಳಗಿನ ರಾಸಾಯನಿಕಗಳೂ ಬೇರೆ. ಡಬ್ಬಿಯಲ್ಲಿರುವುದು ಯಾವುದು ಎಂದು ಕರಪತ್ರದಲ್ಲಿ ಬರೆದಿರುತ್ತದೆಯೇ, ನೋಡಿ. ಚಟ್ನಿಯನ್ನು ಧಾರಾಳವಾಗಿ ತಿನ್ನಲಿ, ಅದಕ್ಕೆ ನನ್ನದೇನೂ ಅಡ್ಡಿಯಿಲ್ಲ.

‘ನ್ಯಾನೋ’ ಅನ್ನುವುದರ ಬಗ್ಗೆ ನನಗೆ ಸ್ವಲ್ಪ ಸಿಟ್ಟಿದೆ. ಸೊಪ್ಪಿನ ಕಷಾಯದಲ್ಲಿ ಸತುವಿನ ಆಕ್ಸೈಡಿನ ನ್ಯಾನೋ ಕಣ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣ, ತಯಾರಿಸುವುದು ಈಗ ಎಂ.ಎಸ್ಸಿ. ಪ್ರಾಜೆಕ್ಟುಗಳಲ್ಲಿ ಮನೆಮಾತು. ಅದನ್ನು ಮೀಥೈಲೀನ್ ಬ್ಲೂ ಬಣ್ಣದ ನೀರಿಗೆ ಹಾಕಿ ಬೆಳಕಿಗಿಟ್ಟರೆ ಬಣ್ಣ ಹೋಗುತ್ತದೆ. ಇದು ಬೆಳಕಿನಿಂದ ನಡೆಯುವ ವೇಗವರ್ಧನೆ, ಬಣ್ಣದ ಕಾರ್ಖಾನೆಯ ನೀರು ಶುದ್ಧಿ ಮಾಡಲು ಒಳ್ಳೆಯ ವಿದ್ಯೆ. ಇದೇ ಕಣಗಳನ್ನು ಗಾಜಿನ ಮೇಲೆ ತೆಳುಪದರವಾಗಿ ಕೂರಿಸಿ ಅನಿಲ ಸಂವೇದಕ ಮಾಡುವವರೂ ಇದ್ದಾರೆ. ಎಲ್ಲ ಸರಿ. ಆಮೇಲೆ ಅಂಥ ಕೆಲಸದ ಲೇಖನಗಳ ಕೊನೆಯಲ್ಲಿ ಆಂಟಿಆಕ್ಸಿಡೆಂಟ್ ಪರೀಕ್ಷೆ ಅಂತ ಒಂದು ಬರುತ್ತದೆ: ನೇರಳೆ ಬಣ್ಣದ ದ್ರಾವಣಕ್ಕೆ ಸಾರ ಹಾಕಿದಾಗ ಬಣ್ಣ ತಿಳಿಯಾಗುವುದು. ಆ ನೇರಳೆ ರಾಸಾಯನಿಕ ನಮ್ಮ ದೇಹದಲ್ಲಿ ಎಲ್ಲೂ ಇಲ್ಲ. ಟೀ ಡಿಕಾಕ್ಷನ್ ಹಾಕಿದರೂ ಬಣ್ಣ ತಿಳಿಯಾಗುತ್ತದೆ. ಪ್ರನಾಳದಲ್ಲಿ ಬಣ್ಣ ಹೋಯಿತೆಂದರೆ ಮೆದುಳಿನಲ್ಲಿ ಏನೋ ಆಯಿತು ಎಂದಲ್ಲ. ನುಂಗಿದ್ದು ಕರುಳು, ಯಕೃತ್ತು ದಾಟಿ, ರಕ್ತದಿಂದ ಮೆದುಳಿಗೆ ಸಿಕ್ಕಿದ್ದೆಲ್ಲ ನುಸುಳದಂತೆ ತಡೆಯುವ ಗೋಡೆಯನ್ನೂ ದಾಟಬೇಕು. ಆಹಾರಗಳ ಇಂಥ ಪ್ರನಾಳದ ಅಂಕಗಳ ಪಟ್ಟಿಯನ್ನು ಅಮೆರಿಕದ ಕೃಷಿ ಇಲಾಖೆ ತನ್ನ ಜಾಲತಾಣದಲ್ಲಿ ಇಟ್ಟುಕೊಂಡಿತ್ತು. ಪುಡಿ, ಜ್ಯೂಸು ಮಾರುವವರು ಅದನ್ನು ದುರುಪಯೋಗ ಮಾಡಿಕೊಂಡದ್ದನ್ನು ನೋಡಿ 2012ರಲ್ಲಿ ತೆಗೆದುಹಾಕಿತು. ನಿಮ್ಮ ಮಗನಿಗೆ ನಾನು ಹೇಳುವುದಿಷ್ಟು: ತೆಳುಪದರದ ಕೆಲಸ ಇಷ್ಟವಿದ್ದರೆ ಹೋಮೋಸಿಸ್ಟೀನನ್ನು ಅಗ್ಗವಾಗಿ ಅಳೆಯುವ ಪಟ್ಟಿಯ ಕಡೆ ಯೋಚಿಸಲಿ. ಸಕ್ಕರೆ ನೋಡುವ ಗ್ಲೂಕೋಮೀಟರ್ ಪಟ್ಟಿಯಲ್ಲೂ ಇರುವುದು ತೆಳುವಾದ ವಿದ್ಯುದ್ವಾರದ ಮೇಲೆ ಕೂರಿಸಿದ ಕಿಣ್ವವೇ ತಾನೆ.

ಹಾಗಾದರೆ ಆಹಾರದಿಂದ ಮೆದುಳಿಗೆ ಗುಣವಾಗುತ್ತದೆಂದು ಸಾಬೀತಾದದ್ದು ಏನೂ ಇಲ್ಲವೇ? ಇದೆ, ಅದೂ ಗಟ್ಟಿಯಾದದ್ದು. 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿ ಮತ್ತು ಸಂಗಡಿಗರು ಹಿಮಾಚಲದ ಕಾಂಗ್ರಾ ಕಣಿವೆಯನ್ನು ಮೂರು ಭಾಗ ಮಾಡಿ, ಎರಡಕ್ಕೆ ಅಯೋಡಿನ್ ಬೆರೆಸಿದ ಉಪ್ಪು, ಒಂದಕ್ಕೆ ಸಾದಾ ಉಪ್ಪು ಒದಗಿಸಿದರು. ಅಯೋಡಿನ್ ಸಿಕ್ಕ ಕಡೆ ಕೆಲವೇ ವರ್ಷಗಳಲ್ಲಿ ಗಳಗಂಡ ಅರ್ಧಕ್ಕೂ ಕೆಳಗಿಳಿಯಿತು. ಗರ್ಭದಲ್ಲಿರುವಾಗ ಅಯೋಡಿನ್ ಸಿಗದೆ ಮಕ್ಕಳ ಬುದ್ಧಿ ಕುಂಠಿತವಾಗುವುದನ್ನು ತಡೆಯುವ ದಾರಿ ಅದೇ ಉಪ್ಪಿನಲ್ಲಿತ್ತು. 1991ರಲ್ಲಿ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 7 ದೇಶಗಳ 33 ಕೇಂದ್ರಗಳಲ್ಲಿ, ಹಿಂದೊಮ್ಮೆ ಬೆನ್ನುಹುರಿ, ಮೆದುಳಿನ ದೋಷವಿದ್ದ ಮಗು ಹೆತ್ತಿದ್ದ 1,817 ಹೆಂಗಸರ ಮೇಲೆ ಪ್ರಯೋಗ ನಡೆಸಿತು. ಬಸುರಾಗುವ ಮುಂಚಿನಿಂದ ಫೋಲಿಕ್ ಆಮ್ಲ ಕೊಟ್ಟರೆ ಆ ದೋಷ ಮತ್ತೆ ಬರುವುದು ನೂರಕ್ಕೆ 72ರಷ್ಟು ತಪ್ಪುತ್ತದೆ ಎಂದು ತೋರಿಸಿತು. ಯಾರಿಗೆ ಯಾವುದು ಸಿಗುತ್ತದೆ ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ ಪ್ರಯೋಗವದು, ಅದಕ್ಕೇ ಅದರ ಮಾತಿಗೆ ತೂಕ.

ಈ ಗೆಲುವುಗಳಲ್ಲೆಲ್ಲ ಇದ್ದದ್ದು ಕೊರತೆ, ಮಾಡಿದ್ದು ಅದನ್ನು ತುಂಬುವುದು. ತುಂಬಿದ ಕೆರೆಗೆ ನೀರು ಬಿಟ್ಟರೆ ಕೋಡಿ ಹರಿಯುತ್ತದೆ, ಅಷ್ಟೆ. ಬಿ12 ವಿಷಯದಲ್ಲೂ ಹೀಗೇ ಕಾಣುತ್ತದೆ. 2010ರಲ್ಲಿ ಆಕ್ಸ್‌ಫರ್ಡಿನವರು ಸ್ವಲ್ಪ ಮರೆವಿದ್ದ, ಎಪ್ಪತ್ತು ದಾಟಿದ 168 ಮಂದಿಯ ಎಂಆರ್‌ಐ ನೋಡಿ, ಎರಡು ವರ್ಷ ಬಿ ವಿಟಮಿನ್‌ಗಳು ಸಿಕ್ಕವರಲ್ಲಿ ಮೆದುಳು ಕುಗ್ಗುವ ವೇಗ ವರ್ಷಕ್ಕೆ ಶೇಕಡಾ 1.08ರ ಬದಲು 0.76 ಇತ್ತು ಎಂದರು. ಹೋಮೋಸಿಸ್ಟೀನ್ ಹೆಚ್ಚಿದ್ದವರಲ್ಲಿ ಲಾಭವೂ ಹೆಚ್ಚು. ಎಲ್ಲರೂ ಖುಷಿಪಟ್ಟರು. 2014ರಲ್ಲಿ ನೆದರ್ಲೆಂಡ್ಸಿನಲ್ಲಿ ಹೋಮೋಸಿಸ್ಟೀನ್ ಹೆಚ್ಚಿದ್ದ 2,919 ಹಿರಿಯರಿಗೆ ಎರಡು ವರ್ಷ ಬಿ12, ಫೋಲಿಕ್ ಆಮ್ಲ ಕೊಟ್ಟು ನೋಡಿದಾಗ ಬುದ್ಧಿಶಕ್ತಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಬ್ರಿಟನ್ನಿನಲ್ಲಿ ಲಕ್ಷಣವಿಲ್ಲದ, ಸ್ವಲ್ಪ ಮಾತ್ರ ಕೊರತೆಯಿದ್ದ 201 ಹಿರಿಯರಿಗೆ ಒಂದು ವರ್ಷ ಬಿ12 ಕೊಟ್ಟಾಗಲೂ ಅಷ್ಟೆ. ನಿಮ್ಮ ಅಮ್ಮ ಈ ಕೊನೆಯ ಗುಂಪಿನವರಲ್ಲ, ಅವರಿಗೆ ಕಾಲಿನ ಲಕ್ಷಣವಿದೆ. ಕೊರತೆ ಇದ್ದದ್ದೇ ಆದರೆ ತುಂಬಲೇಬೇಕು, ತಡಮಾಡಿದಷ್ಟೂ ನರ ಹಿಂದಿರುಗುವುದು ಕಡಿಮೆ. ಆದರೆ ಮರೆವೆಲ್ಲ ಹೋಗುತ್ತದೆಂದು ನಾನು ಮಾತು ಕೊಡಲಾರೆ. ಆಲ್ಝೈಮರ್ ಎಂಬ ಮರೆವಿನ ಕಾಯಿಲೆಯ ಜೊತೆಗೆ ಬಿ12 ಕೊರತೆಯೂ ಇರುವವರಿದ್ದಾರೆ. ಅಂಥವರಲ್ಲಿ ಜೋಮು ತಗ್ಗಿ ಮರೆವು ಉಳಿಯಬಹುದು.

ನಿಮ್ಮ ಕಡೆ ಬರುವ ಬೆಂಗಳೂರಿನವರು ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು ಇರಬೇಕು. 2018ರಿಂದ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಾನುಗಟ್ಟಲೆ ಗಮನಿಸುವ ಗುರಿ ಅವರದ್ದು. ನೆನಪಿನ ಪರೀಕ್ಷೆ, ರಕ್ತ, ಮೆದುಳಿನ ಎಂಆರ್‌ಐ, ಊಟ ತಿಂಡಿ, ಬದುಕಿನ ರೀತಿ ಎಲ್ಲವನ್ನೂ ದಾಖಲಿಸುತ್ತಾರೆ. ಈ ಅಧ್ಯಯನದ ಕೆಲಸ ಗಮನಿಸುವುದು, ಆಹಾರ ಕೊಟ್ಟು ನೋಡುವುದಲ್ಲ. ಹಾಗಾಗಿ ‘ಇದನ್ನು ತಿನ್ನಿ’ ಎಂಬ ಉತ್ತರವನ್ನು ಅದರಿಂದ ನಿರೀಕ್ಷಿಸಬೇಡಿ. ಆದರೆ ಅದರ ಬೆಲೆ ದೊಡ್ಡದು. ನಾನು ಮೇಲೆ ಹೇಳಿದ ಬಿ ವಿಟಮಿನ್ ಮತ್ತು ಮರೆವಿನ ಪ್ರಯೋಗಗಳೆಲ್ಲ ಬೆಣ್ಣೆ, ಬ್ರೆಡ್ಡು, ಮಾಂಸ ತಿಂದು ಬೆಳೆದವರ ಮೇಲೆ ನಡೆದವು. ಮುದ್ದೆ ಉಂಡು, ಹೊಲದಲ್ಲಿ ದುಡಿದು, ಶಾಲೆಯ ಮುಖ ಕಾಣದ ಹೆಂಗಸಿನ ಮೆದುಳು ಹೇಗೆ ವಯಸ್ಸಾಗುತ್ತದೆ ಎಂಬುದಕ್ಕೆ ಉತ್ತರ ನಿಮ್ಮ ಊರಿನಿಂದಲೇ ಬರಬೇಕು. ಮನೆಗೆ ಬಂದು ಕೇಳಿದರೆ ಸೇರಿಕೊಳ್ಳಿ.

ಚಿಕಿತ್ಸೆಗೆ ಹೋಗಬೇಕಾದ ಜಾಗ ಬೇರೆ. ನಿಮ್ಹಾನ್ಸ್ ಜೊತೆ ಸರ್ಕಾರ 2022ರಲ್ಲಿ ಶುರುಮಾಡಿದ ಕರ್ನಾಟಕ ಬ್ರೈನ್ ಹೆಲ್ತ್ ಇನಿಷಿಯೇಟಿವ್ ಮೊದಲಿಗೆ ಹಿಡಿದುಕೊಂಡ ಜಿಲ್ಲೆಗಳಲ್ಲಿ ಕೋಲಾರವೂ ಒಂದು. ಜಿಲ್ಲಾ ಆಸ್ಪತ್ರೆಯಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಯಾವ ದಿನ ಎಂದು ವಿಚಾರಿಸಿಕೊಂಡು ಕರೆದುಕೊಂಡು ಹೋಗಿ. ಬಿ12 ಜೊತೆ ಥೈರಾಯ್ಡ್ ನೋಡಿಸಿ, ಬಿಪಿ ನೋಡಿಸಿ. ಕಿವಿ ಕೇಳಿಸುತ್ತದೆಯೇ, ಸಕ್ಕರೆ ಒಮ್ಮೊಮ್ಮೆ ತೀರಾ ಇಳಿಯುತ್ತದೆಯೇ, ನಿದ್ದೆ ಮಾತ್ರೆ ಏನಾದರೂ ನಡೆಯುತ್ತಿದೆಯೇ ಎಂಬುದನ್ನೂ ಹೇಳಿ. ಅಪ್ಪ ಹೋದ ಮೇಲೆ ಮಂಕಾಗಿದ್ದಾರೆಯೇ ಎಂಬುದನ್ನಂತೂ ಮರೆಯದೆ ಹೇಳಿ, ದುಃಖವೂ ಮರೆವಿನ ವೇಷ ಹಾಕಿಕೊಂಡು ಬರುತ್ತದೆ. ಮಾಂಸ ಬಿಟ್ಟದ್ದನ್ನು ಮತ್ತೆ ಶುರುಮಾಡಿ ಎಂದು ಅವರನ್ನು ಒತ್ತಾಯಿಸಬೇಕಾಗಿಲ್ಲ. ಹೀರಿಕೆಯೇ ಸರಿಯಿಲ್ಲದಿದ್ದಾಗ ಊಟದಿಂದ ಅದನ್ನು ಸರಿಪಡಿಸುವುದು ಹೇಗೂ ಕಷ್ಟ. ಇಂಜೆಕ್ಷನ್ ಇದೆ. ಮಾತ್ರೆಯಲ್ಲಾದರೆ 1,000 ಮೈಕ್ರೋಗ್ರಾಂ ನುಂಗಿಸಿದಾಗ ಆ ಉದ್ದ ದಾರಿಯ ಹಂಗಿಲ್ಲದೆಯೇ ನೂರಕ್ಕೆ ಒಂದು ಪಾಲು ತಾನಾಗಿ ಒಳಗೆ ಹೋಗುತ್ತದೆ, ಅದೇ ಹತ್ತು ಮೈಕ್ರೋಗ್ರಾಂ ಆಯಿತು. ಯಾವುದು, ಎಷ್ಟು ದಿನ ಎಂಬುದನ್ನು ವೈದ್ಯರು ಹೇಳುತ್ತಾರೆ. ಜೊತೆಗೆ ಡೈರಿಗೆ ಹಾಕುವ ಮುಂಚೆ ಎರಡು ಲೋಟ ಹಾಲು ಅಮ್ಮನ ಹೆಸರಿನಲ್ಲಿ ತೆಗೆದಿಡಿ.

ಪುಡಿಯನ್ನು ಕೊಳ್ಳಬೇಡಿ. ಸಂಬಂಧಿಕರಿಗೆ ಬೇಜಾರಾಗುತ್ತದೆಂದು ಈಗಾಗಲೇ ಕೊಂಡು ಕೊಡುತ್ತಿದ್ದರೆ ಇವತ್ತೇ ನಿಲ್ಲಿಸಿ, ಡಬ್ಬಿಯನ್ನು ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ತೋರಿಸಿ. 2004ರಲ್ಲಿ ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಲ್ಲಿ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಸೀಸವೂ ನರಕ್ಕೇ ಕೂರುವ ವಿಷ. ಇನ್ನು ರಕ್ತ ಕೊಡುವ ಮುಂಚೆ ಅಂಗಡಿಯಿಂದ ಬಿ-ಕಾಂಪ್ಲೆಕ್ಸ್ ತಂದು ನುಂಗಿಸಬೇಡಿ. ಎರಡು ದಿನ ನುಂಗಿದರೂ ವರದಿಯ ಅಂಕಿ ಮೇಲಕ್ಕೇರಿ ಎಲ್ಲ ಸರಿಯಿದ್ದಂತೆ ತೋರಿಸಬಹುದು. ಆಗಲೇ ನುಂಗಿಸಿದ್ದರೆ ಯಾವ ಮಾತ್ರೆ, ಎಷ್ಟು ದಿನದಿಂದ ಎಂಬುದನ್ನು ರಕ್ತ ತೆಗೆಯುವವರಿಗಲ್ಲ, ವರದಿ ಓದುವ ವೈದ್ಯರಿಗೆ ಹೇಳಿ.